ಶೀತಸಾಗರಗಳಲ್ಲಿ ಸಣ್ಣ ಹಾಯಿನೌಕೆ

ಗೋವೆಯಲ್ಲಿ ಕುಳಿತು ಹಿಮದ ಕಡಲುಗಳ ವಿಚಾರವನ್ನು ಬರೆಯುವುದೇಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಕೆರೆಯ ನೀರು ತಾನಾಗಿ ಹೆಪ್ಪುಗಟ್ಟಿದುದನ್ನು ಕಂಡವರು ಬಹು ವಿರಳ. ಧನುರ್ಮಾಸದ ಬೆಳಗಿನ ಚಳಿಯೇ ನಮ್ಮ ಮಕ್ಕಳಿಗೆ ದೊಡ್ಡ ಚಳಿ. ಆದರೂ ಈ ವಿಷಯಕ್ಕೂ ನಾವು ವಾಸಿಸುವ ಈ ನಾಡಿಗೂ ಎರಡು ನಿಕಟವಾದ ಸಂಬಂಧಗಳಿವೆ. ವಾಸ್ಕೋ ಪಟ್ಟಣದ ಹೆಡ್‌ಲ್ಯಾಂಡ್ ಸಡಾದಲ್ಲಿ ಭಾರತ ಸರಕಾರದ ರಾಷ್ಟ್ರೀಯ ಧ್ರುವ ಹಾಗೂ ಸಾಗರ ಸಂಶೋಧನ ಕೇಂದ್ರವಿದೆ. ಉತ್ತರ ಧ್ರುವದಿಂದ ಸುಮಾರು ೧೨೦೦ ಕಿಲೋಮೀಟರ್ ದೂರದಲ್ಲಿ, ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, ೨೦೦೮ನೆಯ ಇಸವಿಯ ಜುಲೈ ೧ರಂದು ಆರಂಭವಾದ ‘ಹಿಮಾದ್ರಿ’ ಎಂಬ ಭಾರತೀಯ ಸಂಶೋಧನಾಲಯವನ್ನು ನಡೆಸುವವರು ಈ ಕೇಂದ್ರದವರೇ. ಇದು ಮೊದಲನೆಯ ಸಂಬಂಧ.

ಎರಡನೆಯದು ಮಾಂಡವಿ ನದಿಯ ಸಂಬಂಧ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ ಮಹದಾಯಿ ಎಂಬ ಹೆಸರಿನಿಂದ ಹುಟ್ಟುವ ಹೊಳೆಯು ಘಟ್ಟವನ್ನಿಳಿದು ಗೋವೆಯನ್ನು ಹೊಕ್ಕು, ಮಾಂಡವಿಯಾಗಿ ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಈ ನದಿಯ ನಡುವಿನ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ ಎಂಬವರ ದೋಣಿ ಕಟ್ಟುವ ಕಾರ್ಖಾನೆಯಿದೆ. ಅಲ್ಲಿ ಸಿದ್ಧವಾಗಿ ೨೦೦೯ರಲ್ಲಿ ನೌಕಾದಳವನ್ನು ಸೇರಿದ ‘ಮ್ಹಾದೇಯಿ’ ಎಂಬ ಹಾಯಿನೌಕೆಗೆ ಆ ನದಿಯ ಮೂಲ ಹೆಸರನ್ನೇ ಇಟ್ಟರು. ೨೦೧೭ರಲ್ಲಿ ಅದರ ತಂಗಿಯಂತಹ ‘ತಾರಿಣಿ’ಯು ಸಿದ್ಧವಾಯಿತು. ನಮ್ಮ ಊರ ಹೊಳೆಯ ನೀರಿನಲ್ಲಿ ಮೊದಲು ತೇಲಿದ ಈ ನೌಕೆಗಳು ಭೂಗೋಳದ ಅತ್ಯಂತ ಕಠಿಣವಾದ ಚಳಿಗಡಲನ್ನು ದಾಟಿ ಪುನಃ ಇದೇ ನಾಡಿಗೆ ಮರಳಿವೆ. ಅಂತಹ ಪ್ರಯಾಣದಲ್ಲಿ ಒದಗುವ ಕಷ್ಟಗಳು ಯಾವುವು, ಅವುಗಳ ಕಾರಣಗಳೇನು, ಮನುಷ್ಯರು ಅವುಗಳನ್ನು ಹೇಗೆ ದಾಟುವರು ಎಂಬುದನ್ನು ಇಲ್ಲಿ ವಿವರಿಸಲಾಗುವುದು.

ಮೊದಲು ಭೂಗೋಳದ ಚಿತ್ರವನ್ನು ಕಣ್ಣೆದುರಿಗೆ ತಂದುಕೊಳ್ಳಬೇಕು. ಉತ್ತರದಲ್ಲಿ ಭೂಮಿಯು ಸುತ್ತುವರಿದಿದ್ದು ನಡುವೆ ಹಿಮ ಮುಸುಕಿದ ಸಮುದ್ರವಿದೆ. ದಕ್ಷಿಣದಲ್ಲಿ ಇದಕ್ಕೆ ವ್ಯತಿರಿಕ್ತ: ನಡುವೆ ಹಿಮ ಮುಸುಕಿದ ಭೂಖಂಡವಿದ್ದು ಅದರ ಸುತ್ತಲೂ ಸಮುದ್ರವಿದೆ. ಆದುದರಿಂದ ಉತ್ತರದ ನಾವಿಕನಿಗೆ ಮುಖ್ಯ ಶತ್ರು ಹಿಮದ ಗಡ್ಡೆ, ಮಂಜು ಮತ್ತು ಇಕ್ಕಟ್ಟಾದ ಜಲಮಾರ್ಗ. ದಕ್ಷಿಣದ ನಾವಿಕನಿಗೆ ಮುಖ್ಯ ಶತ್ರು ಗಾಳಿ ಮತ್ತು ಅಲೆ. ಚಳಿಯು ಇಬ್ಬರಿಗೂ ಸಮಾನವಾದ ಶತ್ರು. ಗೋವೆಯ ನೌಕೆಗಳು ಹೋದದ್ದು ದಕ್ಷಿಣಕ್ಕೆ. ಆದರೂ ಉತ್ತರದ ಒಂದು ಪ್ರಖ್ಯಾತ ಪ್ರಯಾಣವನ್ನು ಮೊದಲು ತಿಳಿದರೆ ಉಳಿದದ್ದು ಸುಲಭವಾಗಿ ಮನಸ್ಸಿಗೆ ಹತ್ತುವುದು.

ಅಮೆರಿಕಾ ಖಂಡದ ಉತ್ತರದ ಅಂಚಿನಲ್ಲಿ, ದ್ವೀಪಗಳ ಸಂದಿಯಿಂದ, ಅಟ್ಲಾಂಟಿಕ್ ಸಾಗರದಿಂದ ಪೆಸಿಫಿಕ್ ಸಾಗರಕ್ಕೆ ಹೋಗುವ ದಾರಿಯೊಂದಿದೆ. ಅದನ್ನು ಹುಡುಕಲು ೧೮೪೫ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎಂಬ ಆಂಗ್ಲ ನಾವಿಕನು ೨ ದೊಡ್ಡ ಹಡಗುಗಳನ್ನು ತೆಗೆದುಕೊಂಡು ಹೋದನು. ಹಿಮದಲ್ಲಿ ಸಿಕ್ಕಿಕೊಂಡು ಆತನೂ ಆತನ ಸಂಗಡಿಗರೂ ಕೂಡಿ ೧೨೯ ಜನ ಪ್ರಾಣ ಕಳೆದುಕೊಂಡರು. ಒಬ್ಬನೂ ಮನೆಗೆ ಮರಳಲಿಲ್ಲ. ಅನಂತರ ೧೯೦೩ರಲ್ಲಿ ನಾರ್ವೆಯ ರೋಆಲ್ ಅಮುಂಡ್‌ಸೆನ್ ಎಂಬಾತನು ‘ಯೋವಾ’ ಎಂಬ ೪೭ ಟನ್ನಿನ ಹಳೆಯ ಮೀನುಗಾರಿಕೆಯ ಹಾಯಿನೌಕೆಯಲ್ಲಿ ಕೇವಲ ೬ ಜನ ಸಂಗಡಿಗರೊಡನೆ ಅದೇ ದಾರಿಯಲ್ಲಿ ಹೊರಟನು. ದೊಡ್ಡ ಹಡಗು ಸೋತಲ್ಲಿ ಸಣ್ಣ ನೌಕೆ ಗೆದ್ದೀತೆಂದು ಅವನು ನಂಬಿದ್ದಕ್ಕೆ ಕಾರಣವಿತ್ತು. ಆ ದಾರಿಯು ಹಲವೆಡೆ ಬಹಳ ಆಳವಿಲ್ಲದ್ದು. ಸಣ್ಣ ನೌಕೆಗೆ ಕಡಿಮೆ ನೀರು ಸಾಕು. ೭ ಜನರ ಹೊಟ್ಟೆಯನ್ನು ಬೇಟೆಯಿಂದಲಾದರೂ ತುಂಬಬಹುದು, ೧೨೯ ಜನರದನ್ನು ತುಂಬಲಾಗದು.

ಆದರೂ ಅವನ ಕಷ್ಟಗಳು ಅಲ್ಪವಾಗಿರಲಿಲ್ಲ. ಮೊದಲನೆಯ ವರ್ಷವೇ ನೌಕೆಯು ನೀರಿನೊಳಗಿನ ಬಂಡೆಯ ಮೇಲೇರಿ ಕುಳಿತಿತು; ಭಾರವನ್ನು ಇಳಿಸಲು ಡೆಕ್ಕಿನ ಮೇಲಿನ ಪೆಟ್ಟಿಗೆಗಳನ್ನು ಕಡಲಿಗೆ ಎಸೆಯಬೇಕಾಯಿತು. ಎಂಜಿನಿನ ಕೋಣೆಯಲ್ಲಿ ಎಣ್ಣೆಯ ತೊಟ್ಟಿಗಳ ಬದಿಗೇ ಬೆಂಕಿ ಹೊತ್ತಿಕೊಂಡಿತು. ಆ ಪ್ರದೇಶದಲ್ಲಿ ದಿಕ್ಸೂಚಿಯೂ ಕೈಕೊಡುತ್ತದೆ. ದಿಕ್ಸೂಚಿಯ ಮುಳ್ಳು ಭೂಮಿಯ ಕಾಂತಧ್ರುವದ ಕಡೆಗೆ ಎಳೆಯಲ್ಪಡುತ್ತದೆಂಬುದನ್ನು ವಿದ್ಯಾರ್ಥಿಗಳು ಓದಿದ್ದಾರೆ. ಕಾಂತಧ್ರುವದ ಸಮೀಪಕ್ಕೆ ಹೋದಾಗ ಆ ಸೆಳೆತವು ಬಹುಮಟ್ಟಿಗೆ ಕೆಳಮುಖವಾಗುವುದರಿಂದ ಮುಳ್ಳು ದಿಕ್ಕನ್ನು ತೋರದೆ ಮಂಕಾಗಿ ನಿಂತುಬಿಡುತ್ತದೆ. ಇಂತಹ ಸ್ಥಿತಿಯಲ್ಲಿ ಅಮುಂಡ್‌ಸೆನ್ನನು ಒಂದು ಸುರಕ್ಷಿತವಾದ ಕೊಲ್ಲಿಯನ್ನು ಸೇರಿ, ಅವಸರಪಡದೆ, ಅಲ್ಲಿಯೇ ಸುಮಾರು ೨ ವರ್ಷ ತಂಗಿದನು. ಅಲ್ಲಿನ ಮೂಲನಿವಾಸಿಗಳಾದ ಇನ್ಯೂಇಟ್ ಜನರಿಂದ ಹಿಮಸಾರಂಗದ ತುಪ್ಪುಳದ ಉಡುಪನ್ನು ಧರಿಸುವ ರೀತಿಯನ್ನು ಕಲಿತನು. ಆ ಉಡುಪು ಸಡಿಲವಾಗಿರಬೇಕು, ಬೆವರು ನಿಲ್ಲದಂತಿರಬೇಕು. ಏಕೆಂದರೆ ಚಳಿನಾಡಿನಲ್ಲಿ ಮೈಯ ಬೆವರೇ ಹೆಪ್ಪುಗಟ್ಟಿ ಮನುಷ್ಯನನ್ನು ಕೊಲ್ಲಬಹುದು. ೧೯೦೬ರಲ್ಲಿ ಅವನ ನೌಕೆಯು ಅಲಾಸ್ಕಾದ ನೋಮ್ ಪಟ್ಟಣವನ್ನು ಮುಟ್ಟಿತು. ಒಂದೇ ನೌಕೆಯಲ್ಲಿ ಆ ದಾರಿಯನ್ನು ಪೂರ್ತಿ ಕ್ರಮಿಸಿದವರಲ್ಲಿ ಅವನೇ ಮೊದಲಿಗನು. ತನಗಿಂತ ಬಲ್ಲವರು ಅಲ್ಲಿಯ ಬಡ ಬೇಟೆಗಾರರೆಂದು ಒಪ್ಪಿ, ಅವರ ಶಿಷ್ಯನಾದುದೇ ಅವನನ್ನು ಉಳಿಸಿತು.

ಇನ್ನು ಚಳಿಯ ವಿಷಯ. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ವೇಗವಾಗಿ ಮೈಯ ಶಾಖವನ್ನು ಕಸಿದುಕೊಳ್ಳುತ್ತದೆ. ಶೂನ್ಯ ಡಿಗ್ರಿಯ ಸಮೀಪದಲ್ಲಿರುವ ನೀರಿಗೆ ಬಿದ್ದ ಮನುಷ್ಯನಿಗೆ ಮೊದಲ ಒಂದು ನಿಮಿಷ ಉಸಿರೇ ಹತೋಟಿಗೆ ಬರುವುದಿಲ್ಲ. ಸುಮಾರು ೧೦ ನಿಮಿಷಗಳಲ್ಲಿ ಕೈಬೆರಳುಗಳು ಮಾತು ಕೇಳುವುದನ್ನು ಬಿಡುತ್ತವೆ. ಸುಮಾರು ಒಂದು ಗಂಟೆಯೊಳಗೆ ಪ್ರಜ್ಞೆ ತಪ್ಪುತ್ತದೆ. ಎಷ್ಟೇ ಬಲ್ಲಿದ ಈಜುಗಾರನಾದರೂ ಇದಕ್ಕೆ ಹೊರತಲ್ಲ. ಬೀಸುಗಾಳಿಯಲ್ಲಿ ಓಡುತ್ತಿರುವ ಹಾಯಿನೌಕೆಯನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಅಲೆಗಳ ನಡುವೆ ಒಂದು ತಲೆಯನ್ನು ಹುಡುಕಿ ಎತ್ತಿಕೊಳ್ಳುವುದಕ್ಕೆ ಅಷ್ಟು ವೇಳೆ ದೊರೆಯುವುದು ಕಠಿಣ. ಆದುದರಿಂದ ಇಂತಹ ನೌಕೆಗಳಲ್ಲಿ ಡೆಕ್ಕಿನ ಮೇಲೆ ಬರುವವರು ಸೊಂಟ ಎದೆಗಳಿಗೆ ಬಿಗಿದ ಪಟ್ಟಿಯನ್ನು ಗಟ್ಟಿಯಾದ ಹಗ್ಗದಿಂದ ನೌಕೆಗೆ ಕೊಂಡಿ ಹಾಕಿಕೊಂಡೇ ನಡೆಯುತ್ತಾರೆ. ಬಾವಿಯೊಳಗೆ ಇಳಿಯುವವನು ಹಗ್ಗವನ್ನು ಕಟ್ಟಿಕೊಂಡಂತೆ ಇದು.

ನೀರಿಗೆ ಬೀಳದಿದ್ದರೂ ತೇವವು ಬಿಡದು. ಉಪ್ಪು ಗಾಳಿಯೊಳಗಿನ ತೇವವನ್ನು ಹೀರುತ್ತದೆಂಬುದನ್ನು ಮಳೆಗಾಲದಲ್ಲಿ ನಮ್ಮ ಮನೆಯ ಉಪ್ಪಿನ ಭರಣಿಯೇ ತೋರಿಸುತ್ತದೆ. ಕಡಲ ನೀರಿನಲ್ಲಿ ನೆನೆದ ಬಟ್ಟೆಯಲ್ಲಿ ಉಪ್ಪು ಉಳಿಯುವುದರಿಂದ ಅದು ಒಣಗಿದಂತೆ ಕಂಡರೂ ಪುನಃ ಒದ್ದೆಯಾಗುತ್ತದೆ. ಹಾಸಿಗೆ, ಕಾಲುಚೀಲ, ಕೈಚೀಲ ಎಲ್ಲವೂ ವಾರಗಟ್ಟಲೆ ತೇವವಾಗಿಯೇ ಇರುತ್ತವೆ. ಚರ್ಮವು ಬಿರಿದು ಹುಣ್ಣಾಗುತ್ತದೆ. ಸೌಟನ್ನು ಹಿಡಿಯುವುದೂ ಹಗ್ಗವನ್ನು ಎಳೆಯುವುದೂ ಅದೇ ಕೈಗಳಿಂದಲೇ ಆಗಬೇಕು. ಅಡಿಗೆಯ ಒಲೆಯನ್ನು ತೊಟ್ಟಿಲಿನಂತೆ ತೂಗಿಬಿಟ್ಟಿರುತ್ತಾರೆ. ನೌಕೆ ಎಷ್ಟು ವಾಲಿದರೂ ಪಾತ್ರೆಯು ನೆಟ್ಟಗಿರಬೇಕೆಂಬುದು ಅದರ ಉದ್ದೇಶ. ಬಿಸಿಯಾದ ಒಂದು ಬಟ್ಟಲು ಗಂಜಿಯು ಅಲ್ಲಿ ಔಷಧಕ್ಕೆ ಸಮಾನ.

ಹಿಮದ ಗಡ್ಡೆಗಳದು ಬೇರೆಯೇ ಭಯ. ಹಿಮಪರ್ವತದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರಿನೊಳಗೆ ಅಡಗಿರುತ್ತದೆ. ಆದರೆ ಬೆಟ್ಟದಂತಹ ಗಡ್ಡೆಯು ದೂರದಿಂದಲೇ ಕಾಣುತ್ತದೆ, ರಾಡಾರಿಗೂ ಸಿಕ್ಕುತ್ತದೆ. ಸಣ್ಣ ನೌಕೆಗೆ ನಿಜವಾದ ಅಪಾಯವು ಅದರಿಂದ ಒಡೆದು ಬಿದ್ದ ಚೂರುಗಳದು. ಎತ್ತಿನಬಂಡಿಯಷ್ಟು ಗಾತ್ರದ ಒಂದು ಚೂರು ಅಲೆಗಳ ಮಟ್ಟದಲ್ಲಿಯೇ ತೇಲುತ್ತಿದ್ದರೆ ಕಣ್ಣಿಗೂ ಕಾಣದು, ಯಂತ್ರಕ್ಕೂ ಕಾಣದು. ತಾಗಿದರೆ ಬಂಡೆಗೆ ತಾಗಿದಂತೆಯೇ. ಇದಲ್ಲದೆ ಕಡು ಚಳಿಯಲ್ಲಿ ಅಲೆಯ ಸಿಂಪರಣೆಯು ಹಗ್ಗ, ಕಂಬ, ಹಾಯಿಗಳ ಮೇಲೆ ಬಿದ್ದೊಡನೆ ಹೆಪ್ಪುಗಟ್ಟುತ್ತದೆ. ಮೇಲ್ಭಾಗದಲ್ಲಿ ಹೀಗೆ ಭಾರ ಕೂಡುತ್ತ ಹೋದರೆ ನೌಕೆಯು ಮಗುಚುವುದು. ಆದುದರಿಂದ ಉತ್ತರದ ಕಡಲುಗಳಲ್ಲಿ ಮೀನುಗಾರರು ಹಗಲೂ ರಾತ್ರಿಯೂ ಸುತ್ತಿಗೆಗಳಿಂದ ಆ ಹಿಮವನ್ನು ಬಡಿದು ಉದುರಿಸುತ್ತಿರಬೇಕಾಗುತ್ತದೆ.

ಈಗ ದಕ್ಷಿಣಕ್ಕೆ ತಿರುಗೋಣ. ದಕ್ಷಿಣ ಅಕ್ಷಾಂಶ ೪೦ರಿಂದ ೬೦ರವರೆಗಿನ ವಲಯದಲ್ಲಿ ಪಡುವಣ ಗಾಳಿಯು ಭೂಮಿಯನ್ನು ಸುತ್ತುತ್ತಲೇ ಇರುತ್ತದೆ. ಅದನ್ನು ತಡೆಯುವ ಬೆಟ್ಟಗಳಾಗಲಿ ಖಂಡಗಳಾಗಲಿ ಅಲ್ಲಿ ಇಲ್ಲವೆಂದೇ ಹೇಳಬೇಕು. ಗಾಳಿಯು ನೀರಿನ ಮೇಲೆ ಎಷ್ಟು ದೂರ ತಡೆಯಿಲ್ಲದೆ ಬೀಸುವುದೋ ಅಷ್ಟು ದೊಡ್ಡ ಅಲೆಗಳೇಳುವವು. ಆದುದರಿಂದ ಹಳೆಯ ನಾವಿಕರು ಆ ವಲಯದ ನಲವತ್ತರ ಅಕ್ಷಾಂಶಗಳಿಗೆ ‘ಗರ್ಜಿಸುವ ನಲವತ್ತು’ ಎಂದು ಹೆಸರಿಟ್ಟರು. ದಕ್ಷಿಣ ಅಮೆರಿಕಾದ ತುದಿಯಾದ ಹಾರ್ನ್ ಭೂಶಿರವು ಸುಮಾರು ೫೬ ಡಿಗ್ರಿಯಲ್ಲಿದೆ. ಅಲ್ಲಿಂದ ಅಂಟಾರ್ಕ್ಟಿಕಾದವರೆಗಿನ ಸುಮಾರು ೮೦೦ ಕಿಲೋಮೀಟರ್ ಅಗಲದ ಸಂದಿಯಲ್ಲಿ ಇಡೀ ಸಾಗರವು ನುಗ್ಗುತ್ತದೆ. ಭೂಶಿರದ ಹತ್ತಿರ ಕಡಲತಳವು ಮೇಲೇರುವುದರಿಂದ ಅಲೆಗಳು ಇನ್ನೂ ಕಡಿದಾಗುತ್ತವೆ. ಜ್ಯೇಷ್ಠ ಆಷಾಢಗಳಲ್ಲಿ ನಮ್ಮ ಅರಬ್ಬೀ ಸಮುದ್ರವು ಹೇಗಿರುವುದೆಂಬುದನ್ನು ಗೋವೆಯ ಮಕ್ಕಳು ಬಲ್ಲರು. ಜೂನ್ ೧ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತೆಯೇ ಇಲ್ಲ. ಆ ಸಮುದ್ರಕ್ಕೆ ಮೈ ಮರಗಟ್ಟಿಸುವ ಚಳಿಯನ್ನು ಸೇರಿಸಿ, ಅದು ವರ್ಷದ ಬಹುಭಾಗ ಹಾಗೆಯೇ ಇರುವುದೆಂದು ಭಾವಿಸಿದರೆ ದಕ್ಷಿಣಸಾಗರದ ಕಲ್ಪನೆ ಬಂದೀತು.

ಇಂತಹ ಸಾಗರಕ್ಕೆ ಹೋದ ತಾರಿಣಿಯ ಉದ್ದ ಸುಮಾರು ೧೭ ಮೀಟರ್, ಅಗಲ ೫ ಮೀಟರ್. ನಮ್ಮ ಶಾಲೆಯ ಎರಡು ವರ್ಗಕೋಣೆಗಳನ್ನು ಜೋಡಿಸಿದರೆ ಸರಿಸುಮಾರು ಅಷ್ಟಾಗುವುದು. ಅದರ ಹಾಯಿಕಂಬವು ೨೫ ಮೀಟರ್ ಎತ್ತರವಿದೆ. ಅಷ್ಟು ಎತ್ತರದ ಕಂಬವಿದ್ದೂ ಅದು ಸುಲಭವಾಗಿ ಮಗುಚದಿರುವುದಕ್ಕೆ ಕಾರಣ, ತಳದಲ್ಲಿ ಜೋಡಿಸಿದ ಭಾರವಾದ ಲೋಹದ ತೂಕ. ತಳದಲ್ಲಿ ಭಾರವಿರುವ ಗೊಂಬೆಯನ್ನು ಎಷ್ಟು ಸಲ ಕೆಡವಿದರೂ ಅದು ಎದ್ದು ನಿಲ್ಲುವಂತೆ ನೌಕೆಯೂ ಎದ್ದು ನಿಲ್ಲುತ್ತದೆ. ಆದರೆ ಹಾಗೆ ಉರುಳಿ ಏಳುವಾಗ ಕಂಬವು ಮುರಿಯದೆಂಬ ಭರವಸೆಯಿಲ್ಲ. ಒಳಗಿರುವ ಮನುಷ್ಯನ ಮೂಳೆಗಳಿಗೂ ಭರವಸೆಯಿಲ್ಲ.

ಇದಕ್ಕೆ ಉದಾಹರಣೆಯು ಕಮಾಂಡರ್ ಅಭಿಲಾಷ್ ಟಾಮಿಯವರ ಅನುಭವ. ಇವರು ೨೦೧೨ರ ನವೆಂಬರ್ ೧ರಂದು ಮುಂಬಯಿಯಿಂದ ಮ್ಹಾದೇಯಿಯಲ್ಲಿ ಒಬ್ಬರೇ ಹೊರಟು, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮಾಡಿ, ೨೦೧೩ರ ಮಾರ್ಚ್ ಕೊನೆಗೆ ಮರಳಿದ ಪ್ರಥಮ ಭಾರತೀಯರು. ೨೦೧೮ರಲ್ಲಿ ಗೋವೆಯಲ್ಲಿಯೇ ಕಟ್ಟಿದ ‘ತುರಿಯಾ’ ಎಂಬ ಚಿಕ್ಕ ನೌಕೆಯಲ್ಲಿ ಇವರು ಒಂದು ಜಾಗತಿಕ ಸ್ಪರ್ಧೆಗೆ ಹೋದರು. ಆ ವರ್ಷದ ಸೆಪ್ಟೆಂಬರ್ ೨೧ರಂದು ಹಿಂದೂ ಮಹಾಸಾಗರದ ದಕ್ಷಿಣಭಾಗದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು ೧೯೦೦ ಕಡಲಮೈಲಿ ದೂರದಲ್ಲಿ, ೧೪ ಮೀಟರಿನಷ್ಟು ಎತ್ತರದ ಅಲೆಗಳೆದ್ದ ಬಿರುಗಾಳಿಗೆ ನೌಕೆಯು ಪೂರ್ತಿ ಉರುಳಿತು. ಕಂಬವು ಮುರಿಯಿತು, ಟಾಮಿಯವರ ಬೆನ್ನುಮೂಳೆಗೆ ಪೆಟ್ಟಾಗಿ ನಡೆಯಲು ಆಗದಂತಾಯಿತು. ಒಳಗೆ ಮಲಗಿದಲ್ಲಿಂದಲೇ ಅವರು ಉಪಗ್ರಹದ ಮೂಲಕ ಚಿಕ್ಕ ಚಿಕ್ಕ ಸಂದೇಶಗಳನ್ನು ಕಳುಹಿಸಿದರು. ಭಾರತದ ಮತ್ತು ಆಸ್ಟ್ರೇಲಿಯಾದ ವಿಮಾನಗಳು ಹುಡುಕಿಕೊಂಡು ಬಂದವು. ಅದೇ ಬಿರುಗಾಳಿಯಲ್ಲಿ ತನ್ನ ನೌಕೆಯ ಕಂಬವನ್ನು ಕಳೆದುಕೊಂಡಿದ್ದ ಐರ್ಲೆಂಡಿನ ಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್ ಎಂಬವರೂ ತುಂಡು ಹಾಯಿಯನ್ನು ಕಟ್ಟಿ ಇವರ ಕಡೆಗೆ ಹೊರಟರು. ಕೊನೆಗೆ ಸೆಪ್ಟೆಂಬರ್ ೨೪ರಂದು ‘ಒಸಿರಿಸ್’ ಎಂಬ ಫ್ರೆಂಚ್ ನೌಕೆಯವರು ಟಾಮಿಯವರನ್ನು ಎತ್ತಿಕೊಂಡರು. ಬೆನ್ನಿಗೆ ಲೋಹದ ಸಲಾಕೆಗಳನ್ನು ಹಾಕಿಸಿಕೊಂಡು, ಪುನಃ ನಡೆಯಲು ಕಲಿತು, ೨೦೨೨ರಲ್ಲಿ ಅವರು ಅದೇ ಸ್ಪರ್ಧೆಗೆ ಹೋದರು. ೨೦೨೩ರ ಏಪ್ರಿಲ್ ೨೯ರಂದು ಎರಡನೆಯವರಾಗಿ ಅದನ್ನು ಮುಗಿಸಿದರು.

ಇದನ್ನು ಓದಿದವರು ಅಪಾಯವೆಲ್ಲವೂ ಇಂತಹ ಮಹಾ ಅಲೆಗಳಿಂದಲೇ ಬರುವುದೆಂದು ತಿಳಿಯಬಾರದು. ಅನೇಕ ಸಲ ಅದು ಸಣ್ಣ ಸವಕಳಿಯಿಂದ ಆರಂಭವಾಗುತ್ತದೆ. ಹಾಯಿಯ ಹಗ್ಗವು ಒಂದೇ ಜಾಗದಲ್ಲಿ ಸಾವಿರಾರು ಸಲ ಉಜ್ಜಿದರೆ ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಮೊಳೆಯು ಸಡಿಲಾದರೆ ಅದರ ಭಾರವೆಲ್ಲ ಪಕ್ಕದ ಮೊಳೆಯ ಮೇಲೆ ಬೀಳುತ್ತದೆ. ಚಳಿಯಿಂದ ಮರಗಟ್ಟಿದ ಬೆರಳುಗಳೂ ನಿದ್ದೆಗೆಟ್ಟ ಕಣ್ಣುಗಳೂ ಇಂತಹವನ್ನು ಗಮನಿಸದೆ ಬಿಡುವುದು ಸಹಜ. ಒಬ್ಬರೇ ನೌಕೆಯನ್ನು ನಡೆಸುವವರು ತುಂಡು ತುಂಡಾಗಿ, ಕೆಲಕೆಲವು ನಿಮಿಷ ಮಾತ್ರ ಮಲಗಿ ಏಳುತ್ತಾರೆ. ಇಬ್ಬರಿದ್ದರೆ ಒಬ್ಬರು ಮಲಗಿದಾಗ ಇನ್ನೊಬ್ಬರು ಕಾವಲಿರುತ್ತಾರೆ. ಆದುದರಿಂದ ನಾವಿಕರು ಪ್ರತಿದಿನವೂ ಗೊತ್ತಾದ ವೇಳೆಗೆ ಕಂಬದಿಂದ ಚುಕ್ಕಾಣಿಯವರೆಗೆ ಒಂದೊಂದನ್ನೂ ಮುಟ್ಟಿ ನೋಡುವ ನಿಯಮವನ್ನು ಇಟ್ಟುಕೊಂಡಿರುತ್ತಾರೆ. ಬೇಸರವಾದರೂ, ಮಳೆ ಸುರಿಯುತ್ತಿದ್ದರೂ, ನಿನ್ನೆ ಸರಿಯಾಗಿತ್ತಾದರೂ, ಇಂದು ನೋಡಲೇಬೇಕು.

ಇದರ ಮಹತ್ವವನ್ನು ತಾರಿಣಿಯ ಮೊದಲ ಪ್ರದಕ್ಷಿಣೆಯು ತೋರಿಸಿಕೊಟ್ಟಿತು. ೨೦೧೭ರ ಸೆಪ್ಟೆಂಬರ್ ೧೦ರಂದು ಗೋವೆಯ ಐಎನ್‌ಎಸ್ ಮಾಂಡವಿ ನೌಕಾನೆಲೆಯಿಂದ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಪ್ರತಿಭಾ ಜಾಮ್ವಾಲ್, ಪಿ. ಸ್ವಾತಿ, ಬಿ. ಐಶ್ವರ್ಯಾ, ಎಸ್. ವಿಜಯಾದೇವಿ, ಪಾಯಲ್ ಗುಪ್ತಾ ಎಂಬ ಮಹಿಳಾ ಅಧಿಕಾರಿಗಳು ಹೊರಟರು. ನ್ಯೂಜಿಲೆಂಡಿನ ಲಿಟಲ್‌ಟನ್ ಬಂದರನ್ನು ಬಿಟ್ಟ ಮೇಲೆ ಪೆಸಿಫಿಕ್ ಸಾಗರದಲ್ಲಿ ೪೧ ದಿನಗಳ ಕಾಲ ಅವರಿಗೆ ನೆಲದ ದರ್ಶನವಿರಲಿಲ್ಲ. ಗಂಟೆಗೆ ೧೧೦ ಕಿಲೋಮೀಟರಿಗೂ ಮೀರಿದ ಬಿರುಗಾಳಿಯನ್ನು ತಡೆದುಕೊಂಡು ೨೦೧೮ರ ಜನವರಿಯಲ್ಲಿ ಹಾರ್ನ್ ಭೂಶಿರವನ್ನು ದಾಟಿದರು. ಅಷ್ಟನ್ನೆಲ್ಲ ಗೆದ್ದ ಮೇಲೆ, ಮನೆಯು ಸಮೀಪಿಸುತ್ತಿದ್ದಾಗ, ಚುಕ್ಕಾಣಿಯ ಯಂತ್ರವು ಕೆಟ್ಟಿತು! ಅವರು ಹಟಮಾಡಿ ಮುಂದುವರಿಯಲಿಲ್ಲ. ಮೊದಲು ಯೋಚಿಸದೆ ಇದ್ದ ಮಾರಿಷಸ್ ದ್ವೀಪಕ್ಕೆ ಹೋಗಿ, ದುರಸ್ತಿ ಮಾಡಿಸಿ, ಅನಂತರ ಹೊರಟು ಮೇ ೨೧ರಂದು ಗೋವೆಯನ್ನು ಸೇರಿದರು. ೨೫೪ ದಿನಗಳ ಆ ಯಾತ್ರೆಯಲ್ಲಿ ಅವರು ಕ್ರಮಿಸಿದ ದಾರಿ ಸುಮಾರು ೨೧,೬೦೦ ಕಡಲಮೈಲಿ, ಎಂದರೆ ಸುಮಾರು ೪೦,೦೦೦ ಕಿಲೋಮೀಟರ್.

ಅದೇ ನೌಕೆಯಲ್ಲಿ ೨೦೨೪ರ ಅಕ್ಟೋಬರ್ ೨ರಂದು ಕೋಳಿಕ್ಕೋಡಿನ ದಿಲ್ನಾ ಕೆ. ಮತ್ತು ಪುದುಚೇರಿಯ ರೂಪಾ ಎ. ಎಂಬ ಇಬ್ಬರೇ ನೌಕಾದಳದ ಅಧಿಕಾರಿಗಳು ಗೋವೆಯಿಂದ ಹೊರಟು, ೨೦೨೫ರ ಫೆಬ್ರವರಿಯಲ್ಲಿ ಹಾರ್ನ್ ಭೂಶಿರವನ್ನು ಸುತ್ತಿ, ಮೇ ತಿಂಗಳ ಕೊನೆಗೆ ಗೋವೆಗೆ ಮರಳಿದರು. ದಾರಿಯಲ್ಲಿ ಅವರು ಪೆಸಿಫಿಕ್ ಸಾಗರದ ‘ನೀಮೋ ಬಿಂದು’ವಿನ ಮೂಲಕ ಹೋದರು. ಅತ್ಯಂತ ಹತ್ತಿರದ ನೆಲವೂ ಅಲ್ಲಿಂದ ಸುಮಾರು ೨೬೮೮ ಕಿಲೋಮೀಟರ್ ದೂರ! ಅಲ್ಲಿಂದ ನೀರಿನ ಮಾದರಿಗಳನ್ನು ನಮ್ಮ ದೋಣಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗಾಗಿ ಸಂಗ್ರಹಿಸಿದರು.

ಈ ಯಾತ್ರೆಗಳೆರಡೂ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೇ ಏಕೆ ಹೊರಟವು ಎಂಬುದನ್ನು ವಿದ್ಯಾರ್ಥಿಗಳು ವಿಚಾರಮಾಡಬೇಕು. ಗೋವೆಯಲ್ಲಿ ಮಳೆಗಾಲವು ಹಿಂದಾಗಿರುತ್ತದೆ. ಹಾರ್ನ್ ಭೂಶಿರವನ್ನು ಮುಟ್ಟುವ ಜನವರಿ, ಫೆಬ್ರವರಿಗಳು ದಕ್ಷಿಣಗೋಲಾರ್ಧಕ್ಕೆ ಬೇಸಗೆ. ಅಲ್ಲಿಯ ಬೇಸಗೆಯೂ ನಮಗೆ ಕಡುಚಳಿಯೇ. ಆದರೂ ಹಗಲು ದೀರ್ಘವಾಗಿರುತ್ತದೆ, ಬಿರುಗಾಳಿಗಳು ಕೊಂಚ ವಿರಳವಾಗುತ್ತವೆ. ಹೀಗೆ ಅರ್ಧ ಯುದ್ಧವು ಹೊರಡುವ ಮೊದಲೇ ನಡೆದಿರುತ್ತದೆ. ೨೦೦೯-೧೦ರಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿದ ಪ್ರಥಮ ಭಾರತೀಯರಾದ ದಿಲೀಪ್ ದೋಂದೆಯವರು ಮೊದಲು ದಿವಾರಿನಲ್ಲಿ ಮ್ಹಾದೇಯಿಯನ್ನು ಕಟ್ಟುವ ಕೆಲಸವನ್ನು ನೋಡಿಕೊಂಡರು, ಬಳಿಕ ಅದನ್ನು ನಡೆಸಿದರು. ತಾವು ಕಲಿತುದನ್ನು ತಾರಿಣಿಯ ಆರು ಮಂದಿಗೆ ಕಲಿಸಿದರು. ಬೆನ್ನು ಮುರಿದುಕೊಂಡು ಬದುಕಿ ಬಂದ ಟಾಮಿಯವರು ದಿಲ್ನಾ, ರೂಪಾ ಇವರಿಗೆ ಗುರುಗಳಾದರು. ಸಾಹಸವೆಂಬುದು ಇವರಲ್ಲಿ ಗುರುಶಿಷ್ಯ ಪರಂಪರೆಯಾಗಿ ನಡೆದು ಬಂದ ವಿದ್ಯೆ.

ನಮ್ಮ ಶಾಲೆಯ ಪಾಲಕರಲ್ಲಿ ಬಂದರಿನಲ್ಲಿ ದುಡಿಯುವವರಿದ್ದಾರೆ, ಮೀನಿನ ದೋಣಿಗಳಲ್ಲಿ ಹೋಗುವವರಿದ್ದಾರೆ, ಕಟ್ಟಡಗಳ ಮೇಲೆ ಹತ್ತಿ ಕೆಲಸ ಮಾಡುವವರಿದ್ದಾರೆ. ತೇಲುವ ಅಂಗಿಯನ್ನು ಹಾಕಿಕೊಳ್ಳುವುದು, ಹಗ್ಗದ ಸವಕಳಿಯನ್ನು ನೋಡುವುದು, ಸೊಂಟಕ್ಕೆ ಪಟ್ಟಿಯನ್ನು ಬಿಗಿಯುವುದು ಹೇಡಿತನವೆಂದು ಕೆಲವರು ನಗುವುದುಂಟು. ಹಾರ್ನ್ ಭೂಶಿರವನ್ನು ದಾಟುವವರು ಇವನ್ನು ದಿನವೂ ತಪ್ಪದೆ ಮಾಡುತ್ತಾರೆಂಬುದನ್ನು ಮಕ್ಕಳು ಮನೆಯಲ್ಲಿ ಓದಿ ಹೇಳಲಿ. ಹೆಣ್ಣುಮಕ್ಕಳನ್ನು ಏಳನೆಯ ಇಯತ್ತೆಗೇ ಶಾಲೆಯಿಂದ ಬಿಡಿಸಲು ಯೋಚಿಸುವ ಮನೆಗಳಲ್ಲಿ ತಾರಿಣಿಯ ಈ ಕಥೆಯನ್ನು ಎರಡು ಸಲ ಓದಲಿ. ಮಾಂಡವಿಯ ದಡದಲ್ಲಿ ನಿಂತು ಆ ನೌಕೆಗಳನ್ನು ನೋಡುವ ಅವಕಾಶ ದೊರೆತವರು ಅವುಗಳ ಹಾಯಿಯನ್ನಷ್ಟೇ ನೋಡದೆ, ಹಗ್ಗದ ಗಂಟುಗಳನ್ನೂ ಗಮನವಿಟ್ಟು ನೋಡಲಿ.